ಮಸಾಜ್ ಕಲಿಯಲು ಶಾಲೆ: ಫೀಸು ಕಟ್ಟುವ ಮುನ್ನ

ಮೊದಲು ಎಲ್ಲಿ ಕೆಲಸ ಮಾಡುತ್ತೀರಿ ಅಂತ ತೀರ್ಮಾನಿಸಿ. ಸ್ಪಾಗಾದರೆ ಸ್ವೀಡಿಷ್ (ಮೈ ಹಗುರಾಗಿಸುವ ಮೃದು ಮಸಾಜ್), ಡೀಪ್ ಟಿಶ್ಯೂ (ಸ್ನಾಯುವಿನ ಆಳಕ್ಕೆ ಒತ್ತುವ ಮಸಾಜ್). ಆಯುರ್ವೇದ ಕೇಂದ್ರಕ್ಕಾದರೆ ಅಭ್ಯಂಗ (ಮೈಗೆಲ್ಲ ಎಣ್ಣೆ ತಿಕ್ಕುವುದು), ಶಿರೋಧಾರೆ (ಹಣೆಯ ಮೇಲೆ ಎಣ್ಣೆ ಧಾರೆ ಬಿಡುವುದು) ಬರಬೇಕು. ಎಲ್ಲವನ್ನೂ ಹದಿನೈದೇ ದಿನದಲ್ಲಿ ಕಲಿಸುತ್ತೇವೆ ಅಂದರೆ ನಂಬಬೇಡಿ.

ಜಯನಗರವಾಗಲಿ ಇಂದಿರಾನಗರವಾಗಲಿ, ಒಂದು ಕ್ಲಾಸು ಕೂತು ನೋಡಿ. ಟೇಬಲ್ಲಿಗೆ ಇಬ್ಬರಿದ್ದರೆ ಸರಿ: ಒಬ್ಬರು ಮಲಗುತ್ತಾರೆ, ಇನ್ನೊಬ್ಬರು ಒತ್ತುತ್ತಾರೆ, ಆಮೇಲೆ ಅದಲುಬದಲು. ಐದಾರು ಜನ ಸುತ್ತ ನಿಂತಿದ್ದರೆ ಕೈ ಪಳಗುವುದಿಲ್ಲ. ಕಲಿಸುವವರ ಕಣ್ಣು ವಿದ್ಯಾರ್ಥಿಯ ಹೆಬ್ಬೆರಳ ಮೇಲಿದೆಯೇ ಗಮನಿಸಿ. ಬರೀ ಹೆಬ್ಬೆರಳಲ್ಲಿ ಒತ್ತಿದರೆ ಅದರ ಬುಡದ ಕೀಲು ಹಾಳಾಗುತ್ತದೆ. ಮುಂಗೈ, ಮೊಣಕೈ ಊರಿ ಮೈಭಾರ ಬಿಡುವುದನ್ನು ಹೇಳಿಕೊಡಬೇಕು. ಟೇಬಲ್ ತೀರಾ ತಗ್ಗಾಗಿದ್ದರೆ ಸೊಂಟ ಹೋಯಿತು ಅಂತಲೇ ಲೆಕ್ಕ.

ಯಾರಿಗೆ ಮಾಡಬಾರದು ಅನ್ನುವ ಪಾಠ ಇದೆಯೇ ಕೇಳಿ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಒತ್ತಿದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಕುತ್ತು. ಇದನ್ನು ಕಲಿಸದ ಶಾಲೆಗೆ ದೂರದಿಂದಲೇ ನಮಸ್ಕಾರ.

‘ಸರ್ಕಾರಿ ಮಾನ್ಯತೆ’ ಅಂದರೆ ಯಾರ ಮಾನ್ಯತೆ? ಕೇಂದ್ರ ಸರ್ಕಾರದ ಕೌಶಲ ತರಬೇತಿ ಜಾಲತಾಣ ಸ್ಕಿಲ್ ಇಂಡಿಯಾ ಡಿಜಿಟಲ್ ಹಬ್‌ನಲ್ಲಿ ಶಾಲೆಯ ಹೆಸರು ಹುಡುಕಿ. ಎಣ್ಣೆ, ಟವೆಲ್, ಪರೀಕ್ಷಾ ಶುಲ್ಕ ಫೀಸಿನಲ್ಲಿ ಸೇರಿದೆಯೇ, ನಡುವೆ ಬಿಟ್ಟರೆ ಎಷ್ಟು ವಾಪಸ್ ಅನ್ನುವುದನ್ನು ಬಾಯಿಮಾತಿಗೆ ಬಿಡದೆ ರಸೀದಿಯಲ್ಲೇ ಬರೆಸಿಕೊಳ್ಳಿ.