ಎದುರಿಗೆ ಬರುವ ಸೌರಸ್ಫೋಟದ ವೇಗ ಅಳೆದ ಬಗೆ

2012ರ ಜುಲೈ 12ರ ಸೌರಸ್ಫೋಟವನ್ನು ನಾನು ಮೂರು ಸಲ ಅಳೆದಿದ್ದೇನೆ. ಹೆಚ್ಚು ಕಲಿಸಿದ್ದು ಎರಡನೆಯ ಸಲದ ತಪ್ಪು, ಏಕೆಂದರೆ ಅದರ ಉತ್ತರ ಸರಿಯಾಗಿಯೇ ಕಂಡಿತ್ತು.

ಅಂದು ಭೂಮಿಗೆ ಹೆಚ್ಚುಕಡಿಮೆ ನೇರ ಎದುರಿದ್ದ, ಸೂರ್ಯನ 11520ನೇ ಕಲೆಗುಂಪಿನಿಂದ ಎಕ್ಸ್1.4 ದರ್ಜೆಯ ಜ್ವಾಲೆ ಎದ್ದಿತು; ಎಕ್ಸ್ ಎಂದರೆ ಅತಿ ಪ್ರಬಲ ದರ್ಜೆ. ಜೊತೆಗೇ ಪ್ಲಾಸ್ಮಾದ ದೊಡ್ಡ ಮೋಡ, ಅಂದರೆ ಸಿಎಂಇ, ಹೊರಬಿತ್ತು. ಸೂರ್ಯನನ್ನು ನೋಡುವ ಸೋಹೊ ನೌಕೆಯಲ್ಲಿ ಲಾಸ್ಕೊ ಎಂಬ ಕ್ಯಾಮೆರಾಗಳಿವೆ; ಅವುಗಳ ಚಿತ್ರಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆದರೆ ಇದ್ದ ಹಾಗೆ ನೋಡಿದರೆ ಮೋಡದ ಅಂಚು ಸಿಗುವುದಿಲ್ಲ. ಪ್ರತಿ ಚಿತ್ರದಿಂದ ಅದರ ಹಿಂದಿನದನ್ನು ಕಳೆಯಬೇಕು. ಆಗ ಕದಲದೆ ನಿಂತದ್ದೆಲ್ಲ ಬೂದಾಗಿ ಅಡಗುತ್ತದೆ; ಮುಂದೆ ಸರಿದ ಅಂಚು ಬೆಳ್ಳಗೆ, ಅದು ಬಿಟ್ಟುಹೋದ ಜಾಗ ಕಪ್ಪಗೆ ಎದ್ದು ಕಾಣುತ್ತದೆ.

ಮೊದಲ ಸಲ ಎಡವಿದ್ದು ಇಲ್ಲೇ. ಮೋಡದ ಮುಂದೆ ಆಘಾತ ತರಂಗದ ತೆಳು ಮಬ್ಬೊಂದು ಇರುತ್ತದೆ. ಒಂದು ಚಿತ್ರದಲ್ಲಿ ಆ ಮಬ್ಬಿನ ಮೇಲೆ, ಮುಂದಿನದರಲ್ಲಿ ಒಳಗಿನ ಹೊಳೆಯುವ ಅಂಚಿನ ಮೇಲೆ ಗುರುತು ಹಾಕಿದ್ದೆ. ಲಾಸ್ಕೊದ ಸಿ3 ಎಂಬ ಕ್ಯಾಮೆರಾದ ಚಿತ್ರದಲ್ಲಿ ಒಂದು ಪಿಕ್ಸೆಲ್ ಎಂದರೆ ಸುಮಾರು 40 ಸಾವಿರ ಕಿ.ಮೀ. ಚಿತ್ರಗಳ ನಡುವೆ 12 ನಿಮಿಷ ಅಂತರವಿದ್ದರೆ, ಒಂದೇ ಪಿಕ್ಸೆಲ್ ತಪ್ಪಿದರೂ ವೇಗ ಸೆಕೆಂಡಿಗೆ ಸುಮಾರು 55 ಕಿ.ಮೀ. ಆಚೀಚೆ ಆಗುತ್ತದೆ. ಅಂದಿನಿಂದ ಒಂದೇ ಕೋನ, ಒಂದೇ ಅಂಚು ಹಿಡಿದು, ಸಿಕ್ಕಷ್ಟೂ ಚಿತ್ರಗಳಲ್ಲಿ ಸೂರ್ಯನಿಂದ ಅದರ ಎತ್ತರ ಗುರುತಿಸಿ, ಕಾಲದ ಎದುರು ಗೆರೆ ಎಳೆದು, ಆ ಗೆರೆಯ ಇಳಿಜಾರಿನಿಂದಲೇ ವೇಗ ತೆಗೆಯುತ್ತೇನೆ.

ಎರಡನೆಯ ಸಲ ಸೆಕೆಂಡಿಗೆ 900 ಕಿ.ಮೀ. ಹತ್ತಿರ ಬಂತು. ಲಾಸ್ಕೊ ಕಂಡ ಸಿಎಂಇಗಳ ಪಟ್ಟಿಯಲ್ಲಿ ಇರುವುದು 885. ಸೂರ್ಯನಿಂದ ನಮಗೆ ಇರುವ 15 ಕೋಟಿ ಕಿ.ಮೀ.ಯನ್ನು ಅದರಿಂದ ಭಾಗಿಸಿದರೆ ಸುಮಾರು 47 ಗಂಟೆ. ಮೋಡ ಮುಟ್ಟಿದ್ದೂ ಸುಮಾರು ಎರಡು ದಿನಕ್ಕೆ, ಜುಲೈ 14ರಂದು! ಲೆಕ್ಕ ಕೂಡಿತೆಂದು ಹಿಗ್ಗಿದೆ.

ಕೂಡಿರಲಿಲ್ಲ. ತೇರು ನಮ್ಮತ್ತಲೇ ಬರುವಾಗ ಎದುರು ನಿಂತವರಿಗೆ ಅದು ದೊಡ್ಡದಾಗುವುದಷ್ಟೇ ಕಾಣುತ್ತದೆ. ಓಟ ತಿಳಿಯುವುದು ಪಕ್ಕದ ಜಗಲಿಯ ಮೇಲಿರುವವರಿಗೆ. ಭೂಮಿಯ ಕಡೆಯೇ ಇರುವ ಸೋಹೊಗೆ ಕಂಡದ್ದು ಸೂರ್ಯನ ಸುತ್ತ ಹರಡಿದ ಉಂಗುರ. ನಾನು ಅಳೆದದ್ದು ಮೋಡ ಅಗಲಕ್ಕೆ ಹರಡುವ ವೇಗವನ್ನು, ನಮ್ಮತ್ತ ಬರುವ ವೇಗವನ್ನಲ್ಲ. ಅಂಥ ಉಂಗುರ ಹಿಂಬದಿಗೆ ಹೋಗುವ ಮೋಡಕ್ಕೂ ಮೂಡುತ್ತದೆ.

ಜಗಲಿಯ ಜಾಗದಲ್ಲಿ ಆಗ ಎರಡು ನೌಕೆಗಳಿದ್ದವು: ಭೂಮಿಯಿಂದ ಒಂದು ಪಕ್ಕಕ್ಕೆ ಸುಮಾರು 120 ಡಿಗ್ರಿಯಲ್ಲಿ ಸ್ಟೀರಿಯೊ-ಎ, ಇನ್ನೊಂದು ಪಕ್ಕಕ್ಕೆ ಸುಮಾರು 115 ಡಿಗ್ರಿಯಲ್ಲಿ ಸ್ಟೀರಿಯೊ-ಬಿ. ಎ ಚಿತ್ರದಲ್ಲಿ ಮೋಡ ಎಡಕ್ಕೆ, ಬಿ ಚಿತ್ರದಲ್ಲಿ ಬಲಕ್ಕೆ. ಎರಡನ್ನೂ ಅಕ್ಕಪಕ್ಕ ಇಟ್ಟ ಕೂಡಲೇ ಅದು ನಮ್ಮತ್ತಲೇ ಹೊರಟಿದೆ ಎಂಬುದು ಖಚಿತ. ಮೂರನೆಯ ಸಲ ಎ ಚಿತ್ರದಲ್ಲಿ ಅಳೆದಾಗ ವೇಗ 1200 ಸಿಕ್ಕಿತು. ಎ ಪೂರ್ತಿ ಪಕ್ಕದಲ್ಲಿರದೆ ಓರೆಯಿಂದ ನೋಡಿದ್ದರಿಂದ ಇದು ಕಡಿಮೆ ಕಂಡದ್ದು. 120 ಡಿಗ್ರಿಯ ಸೈನ್ 0.87, ಅದರಿಂದ ಭಾಗಿಸಿದರೆ ಸುಮಾರು 1400. ಆಮೇಲೆ ಮೋಡದ ಮಾದರಿಯಾಗಿ, ಎರಡು ಕಾಲೂ ಸೂರ್ಯನಲ್ಲಿ ಊರಿದ ಬಾಗಿದ ಕೊಳವೆಯಂಥ ತಂತಿಬಲೆಯನ್ನು ಕಂಪ್ಯೂಟರಿನಲ್ಲಿ ಮೂರೂ ನೌಕೆಗಳ ಚಿತ್ರಗಳ ಮೇಲೆ ಒಟ್ಟಿಗೆ ಕೂರಿಸಿದೆ. ರೇಖಾಂಶ ತಿದ್ದಿದರೆ ಓರೆ ಕೆಡುತ್ತದೆ, ಓರೆ ತಿದ್ದಿದರೆ ಅಗಲ. ಒಂದು ಸಂಜೆ ಪೂರ್ತಿ ಹಿಡಿಯಿತು, ಆದರೆ ಉತ್ತರ 1400ರ ಹತ್ತಿರವೇ ಬಂದು ನಿಂತಿತು.

ಹಾಗಾದರೆ ಎರಡು ದಿನ ಹೇಗೆ ಹಿಡಿಯಿತು? 1400ರಲ್ಲಿ ಹೊರಟ ಮೋಡವನ್ನು ಅದಕ್ಕಿಂತ ನಿಧಾನವಾದ ಸೌರಮಾರುತ, ಅಂದರೆ ಸೂರ್ಯನಿಂದ ಸದಾ ಹರಿಯುವ ಕಣಗಳ ಗಾಳಿ, ದಾರಿಯುದ್ದಕ್ಕೂ ಎಳೆದು ತಡೆಯಿತು. ನನ್ನ 900 ಸರಾಸರಿಯ ಹತ್ತಿರ ಬಂದದ್ದು ಕಾಕತಾಳೀಯ.

ಸ್ಟೀರಿಯೊ-ಬಿ ಸಂಪರ್ಕ 2014ರಲ್ಲಿ ಕಡಿದುಹೋಯಿತು. 2024ರ ಮೇ ತಿಂಗಳಲ್ಲಿ ಇಂಥವೇ ಮೋಡಗಳು ಭೂಮಿಗೆ ಬಡಿದು ಲಡಾಖಿನ ಹಾನ್ಲೆಯ ಆಕಾಶ ಕೆಂಪಾದಾಗ ಸ್ಟೀರಿಯೊ-ಎ ಭೂಮಿಯಿಂದ ಸುಮಾರು 12 ಡಿಗ್ರಿಯಷ್ಟೇ ದೂರದಲ್ಲಿತ್ತು. ಎರಡು ಕಣ್ಣಿದ್ದೂ ಜಗಲಿ ಇರಲಿಲ್ಲ. ಆ ಮೋಡಗಳಿಗೆ ನಾನು ಬರೆದಿಟ್ಟ ಪ್ರತಿ ವೇಗದ ಪಕ್ಕದಲ್ಲೂ ಎಷ್ಟು ಆಚೀಚೆ ಇರಬಹುದೆಂಬ ಎರಡನೆಯ ಸಂಖ್ಯೆ ಇದೆ.