ಗಾಜಿನ ಜಾಡಿಗೆ ಲೀಟರ್ ಗೆರೆ: ಒಮ್ಮೆ ತೂಗಿ ಹಾಕಿದರೆ ಮತ್ತೆ ಅಂದಾಜು ಬೇಡ

ಮನೆಯಲ್ಲಿ ಬಿಯರ್, ವೈನ್, ಜೇನಿನ ಮೀಡ್ ಹುದುಗಿಸುವವರಿಗೆ ದೊಡ್ಡ ಗಾಜಿನ ಜಾಡಿ ಅಂದರೆ ಪ್ರೀತಿ. ಒಳಗೆ ಏನು ನಡೆಯುತ್ತಿದೆ ಅಂತ ಕಣ್ಣಿಗೆ ಕಾಣುತ್ತದೆ. ಹಳೆಯ ವಾಸನೆ ಹಿಡಿದುಕೊಳ್ಳುವುದಿಲ್ಲ. ಪ್ಲಾಸ್ಟಿಕ್‌ನ ಹಾಗೆ ಬೇಗ ಗೀರು ಬೀಳುವುದಿಲ್ಲ. ಆದರೆ ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ಸಾಮಾನ್ಯವಾಗಿ ಅಚ್ಚಿನಲ್ಲೇ ಬಂದಿರುವ ಲೀಟರ್ ಗುರುತು ಗಾಜಿನ ಜಾಡಿಯಲ್ಲಿ ಇರುವುದಿಲ್ಲ. 23 ಲೀಟರ್ ಜಾಡಿ ಅಂತಾರೆ, ಆ 23 ಎಲ್ಲಿಯವರೆಗೆ? ಭುಜದವರೆಗೋ ಕತ್ತಿನವರೆಗೋ? ನೋಡಿ ಹೇಳೋಕೆ ಆಗಲ್ಲ.

ಇದು ಸಣ್ಣ ವಿಷಯ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಮಾಲ್ಟ್ ಸಾರಕ್ಕೆ (ಮೊಳಕೆ ಬರಿಸಿದ ಬಾರ್ಲಿಯ ಸಾರ) ನೀರು ಬೆರೆಸಿ 23 ಲೀಟರ್ ಮಾಡಿದರೆ ಹೈಡ್ರೋಮೀಟರ್, ಅಂದರೆ ದ್ರವ ನೀರಿಗಿಂತ ಎಷ್ಟು ಪಟ್ಟು ಭಾರ ಅಂತ ತೋರಿಸುವ ಸಾಧನ, 1.040 ತೋರಿಸಬೇಕು ಅಂದುಕೊಳ್ಳಿ. ಅಂದಾಜಿನಲ್ಲಿ ಎರಡು ಲೀಟರ್ ಜಾಸ್ತಿ ಬಿದ್ದರೆ ಅದು 1.037ಕ್ಕೆ ಇಳಿಯುತ್ತದೆ. ಬಿಯರ್ ತೆಳ್ಳಗಾಗುತ್ತದೆ. ಇನ್ನೊಂದು, ಬಾಟಲಿಗೆ ತುಂಬುವ ಮುಂಚೆ ಗ್ಯಾಸ್ ಬರಲಿ ಅಂತ ಹಾಕುವ ಸಕ್ಕರೆ. ಲೀಟರಿಗೆ 6 ಗ್ರಾಂ ಲೆಕ್ಕದಲ್ಲಿ 23 ಲೀಟರಿಗೆ 138 ಗ್ರಾಂ. ಆದರೆ ತಳದಲ್ಲಿ ಕೂತ ಗಷ್ಟು ಬಿಟ್ಟು ನಿಜವಾಗಿ ಬಾಟಲಿಗೆ ಹೋಗುವುದು 20 ಲೀಟರ್ ಆದರೆ ಲೀಟರಿಗೆ ಹತ್ತಿರ ಹತ್ತಿರ 7 ಗ್ರಾಂ ಬಿದ್ದಹಾಗಾಯಿತು. ಒತ್ತಡ ಅಷ್ಟು ಜಾಸ್ತಿ. ಮೊದಲೇ ಗ್ಯಾಸ್ ಜಾಸ್ತಿ ಬೇಕೆಂದು ಸಕ್ಕರೆ ಧಾರಾಳವಾಗಿ ಹಾಕುವವರು ಹೀಗೆ ತಪ್ಪು ಲೆಕ್ಕ ಹಿಡಿದರೆ ಬಾಟಲಿ ಒಡೆಯುವ ಅಪಾಯ ಇದೆ.

ಮನೆಯಲ್ಲಿ ಮದ್ಯ ತಯಾರಿಸುವ ಬಗ್ಗೆ ಕಾನೂನು ಎಲ್ಲ ಕಡೆ ಒಂದೇ ರೀತಿ ಇಲ್ಲ. ನಿಮ್ಮಲ್ಲಿ ಏನಿದೆ ಅಂತ ತಿಳಿದುಕೊಂಡೇ ಮುಂದುವರಿಯಿರಿ.

ಜಗ್ಗಿನಿಂದ ಅಳೆಯಬೇಡಿ, ತೂಗಿ

ಹೆಚ್ಚಿನವರು ಒಂದು ಲೀಟರ್ ಜಗ್ಗು ತೆಗೆದುಕೊಂಡು ಸುರಿಯುತ್ತಾ, ಪ್ರತಿ ಸಲ ಒಂದು ಗೆರೆ ಎಳೆಯುತ್ತಾ ಹೋಗುತ್ತಾರೆ. ಕೆಲಸವೇನೋ ಆಗುತ್ತದೆ. ಆದರೆ ಅಡುಗೆಮನೆ ಜಗ್ಗಿನ ಮೇಲಿರುವ ಗೆರೆಯೇ ಎಷ್ಟು ಸರಿ ಅಂತ ಯಾರಿಗೆ ಗೊತ್ತು? ಪ್ರತಿ ಜಗ್ಗಿಗೆ 20 ಮಿಲಿಲೀಟರ್ ತಪ್ಪಾದರೂ ಇಪ್ಪತ್ತು ಜಗ್ಗಿಗೆ 400 ಮಿಲಿಲೀಟರ್ ಆಯಿತು. ತಪ್ಪು ಒಂದೇ ದಿಕ್ಕಿನಲ್ಲಿ ಕೂಡುತ್ತಾ ಹೋಗುತ್ತದೆ, ತಾನಾಗಿ ಸರಿಹೋಗುವುದಿಲ್ಲ.

ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಇದನ್ನೇ ನಂಬಿ ಕೆಲಸ ಮಾಡಿ. ಕಟ್ಟುನಿಟ್ಟಾಗಿ ಹೇಳುವುದಾದರೆ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಾತ್ರ ಹೀಗೆ. 20 ಡಿಗ್ರಿಯಲ್ಲಿ ಲೀಟರ್ ನೀರಿಗೆ 998 ಗ್ರಾಂ, 30 ಡಿಗ್ರಿಯಲ್ಲಿ 996 ಗ್ರಾಂ. ಇಪ್ಪತ್ತು ಲೀಟರಿಗೂ ವ್ಯತ್ಯಾಸ 100 ಮಿಲಿಲೀಟರ್ ದಾಟುವುದಿಲ್ಲ. ನಮ್ಮ ಕೆಲಸಕ್ಕೆ ಇದನ್ನು ಬಿಟ್ಟುಬಿಡಬಹುದು.

ಬೇಕಾಗಿರುವ ಸಾಮಾನು ಇಷ್ಟೇ: ಗ್ರಾಂ ಲೆಕ್ಕದಲ್ಲಿ ತೋರಿಸುವ ಡಿಜಿಟಲ್ ತಕ್ಕಡಿ, ಒಂದು ಜಗ್ಗು, ಮಾಸ್ಕಿಂಗ್ ಟೇಪ್, ಸಣ್ಣ ಮೊನೆಯ ಮಾರ್ಕರ್, ಒಂದು ರಸಮಟ್ಟ. ಮೈತೂಕ ನೋಡುವ ಮಷಿನ್ ಬೇಡ. ಅದು 100 ಗ್ರಾಂ ಹಿಂದೆಮುಂದೆ ತೋರಿಸಿದರೂ ನಿಮಗೆ ಗೊತ್ತಾಗುವುದಿಲ್ಲ.

ಗೆರೆ ಹಾಕುವ ಕೆಲಸ

ಜಾಡಿಯನ್ನು ತೊಳೆದು ಹೊರಗಡೆ ಪೂರ್ತಿ ಒಣಗಿಸಿ. ನೀರಿನ ಪಸೆ ಇದ್ದರೆ ಟೇಪ್ ಅಂಟುವುದಿಲ್ಲ. ಆಮೇಲೆ ಖಾಲಿ ಜಾಡಿಯ ತೂಕ ನೋಡಿ ಬರೆದಿಟ್ಟುಕೊಳ್ಳಿ. ಇದು ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ಜಾಡಿ ಇಡುವ ಜಾಗ ಸಮತಟ್ಟಾಗಿರಬೇಕು. ರಸಮಟ್ಟ ಇಟ್ಟು ಎರಡೂ ಕಡೆಯಿಂದ ನೋಡಿ. ಮೇಜು ಒಂದು ಕಡೆ ಸ್ವಲ್ಪ ವಾಲಿದ್ದರೂ ಜಾಡಿಯ ಒಂದು ಬದಿಯಲ್ಲಿ ನೀರು ಮೇಲೆ, ಇನ್ನೊಂದು ಬದಿಯಲ್ಲಿ ಕೆಳಗೆ ಕಾಣುತ್ತದೆ. ತುಂಬಿದ ಮೇಲೆ ಜಾಡಿ 28 ಕಿಲೋ ಆಸುಪಾಸು ಆಗುತ್ತದೆ, ಅದನ್ನು ತಾಳುವ ಜಾಗವೂ ಆಗಿರಬೇಕು. ಸಿಂಕಿನ ಹತ್ತಿರದ ನೆಲವೇ ಎಷ್ಟೋ ವಾಸಿ.

ಈಗ ಟೇಪ್. ಬುಡದಿಂದ ಭುಜದವರೆಗೆ ನೆಟ್ಟಗೆ ಒಂದು ಪಟ್ಟಿ ಅಂಟಿಸಿ. ಅಚ್ಚಿನ ಎರಡು ಭಾಗ ಕೂಡಿದ ಉಬ್ಬುಗೆರೆ ಗಾಜಿನ ಮೇಲೆ ಉದ್ದಕ್ಕೆ ಕಾಣುತ್ತದಲ್ವಾ, ಅದರ ಪಕ್ಕಕ್ಕೆ ಬೇಡ. ಅಲ್ಲಿ ಗಾಜು ದಪ್ಪ, ನೀರಿನ ಮಟ್ಟ ಸೊಟ್ಟಗೆ ಕಾಣುತ್ತದೆ.

ಜಗ್ಗನ್ನು ಒಮ್ಮೆ ನೀರಲ್ಲಿ ಅದ್ದಿ, ಕೊಡವಿ, ತಕ್ಕಡಿ ಮೇಲಿಟ್ಟು ಸೊನ್ನೆಗೆ ತನ್ನಿ. ಒಣಗಿದ ಜಗ್ಗಿನಿಂದ ಶುರು ಮಾಡಿದರೆ ಮೊದಲ ಸುರಿತದಲ್ಲಿ ಒಂದಿಷ್ಟು ಹನಿ ಜಗ್ಗಿನಲ್ಲೇ ಉಳಿದು ಕಡಿಮೆ ಬೀಳುತ್ತದೆ. ಒದ್ದೆ ಜಗ್ಗಿನಲ್ಲಿ ಪ್ರತಿ ಸಲವೂ ಅಷ್ಟೇ ಹನಿ ಉಳಿಯುತ್ತದೆ, ಲೆಕ್ಕ ತಪ್ಪುವುದಿಲ್ಲ. ಸರಿಯಾಗಿ 1000 ಗ್ರಾಂ ತೂಗಿ ಸುರಿಯಿರಿ. ನೀರು ತಣ್ಣಗಿರಲಿ. ಬಿಸಿನೀರು ಬೇಡವೇ ಬೇಡ, ತಟ್ಟನೆ ಬಿಸಿ ತಗುಲಿದರೆ ಗಾಜು ಸೀಳುತ್ತದೆ. ಕುದಿಸಿದ ವರ್ಟನ್ನು (ಯೀಸ್ಟ್ ಹಾಕಿ ಹುದುಗಿಸುವ ಮುಂಚಿನ ಮಾಲ್ಟ್ ದ್ರವ) ಕೂಡ ತಣಿಸದೆ ಇದಕ್ಕೆ ಸುರಿಯಬಾರದು.

ಸುರಿದ ಕೂಡಲೇ ಗೆರೆ ಎಳೆಯಬೇಡಿ. ನೀರು ಅಲುಗಾಡುವುದು ನಿಲ್ಲಲಿ, ಗುಳ್ಳೆ ಹೋಗಲಿ. ಆಮೇಲೆ ಬಗ್ಗಿ, ಕಣ್ಣನ್ನು ನೀರಿನ ಮಟ್ಟಕ್ಕೇ ತನ್ನಿ. ನಿಂತುಕೊಂಡು ಮೇಲಿನಿಂದ ನೋಡಿದರೆ ಗೆರೆ ತಪ್ಪುವುದು ಗ್ಯಾರಂಟಿ. ಹತ್ತಿರದಿಂದ ನೋಡಿದಾಗ ಗಾಜಿಗೆ ತಾಗಿದ ಕಡೆ ನೀರು ಒಂದೆರಡು ಮಿಲಿಮೀಟರ್ ಮೇಲಕ್ಕೆ ಹತ್ತಿಕೊಂಡಿರುತ್ತದೆ. ಅದರ ಕೆಳಗೆ ಚಪ್ಪಟೆಯಾಗಿ ಕಾಣುವ ಗೆರೆಯೇ ನಿಜವಾದ ಮಟ್ಟ. ಜಾಡಿಯ ಹಿಂದೆ ಒಂದು ಕಪ್ಪು ಕಾಗದ ಹಿಡಿದರೆ ಈ ಎರಡೂ ಬೇರೆ ಬೇರೆಯಾಗಿ ಚೆನ್ನಾಗಿ ಕಾಣುತ್ತವೆ.

ಇಷ್ಟು ಹುಷಾರು ಯಾಕೆ ಅಂದರೆ, 28 ಸೆಂಟಿಮೀಟರ್ ಅಗಲದ ಜಾಡಿಯಲ್ಲಿ ಒಂದು ಲೀಟರ್ ನೀರು ಏರುವುದು 16 ಮಿಲಿಮೀಟರ್ ಮಾತ್ರ. ಗೆರೆ 2 ಮಿಲಿಮೀಟರ್ ಆಚೀಚೆ ಆದರೆ 120 ಮಿಲಿಲೀಟರಿಗೂ ಜಾಸ್ತಿ ತಪ್ಪು. ಮಾರ್ಕರ್ ಗೆರೆ ದಪ್ಪಗಿದ್ದರೆ ಈ ತಪ್ಪಿನಲ್ಲಿ ಅರ್ಧ ಅದರಿಂದಲೇ ಬಂದುಬಿಡುತ್ತದೆ. ಅದಕ್ಕೇ ಸಣ್ಣ ಮೊನೆ ಅಂದಿದ್ದು.

ಎಲ್ಲ ಲೀಟರಿಗೂ ಗೆರೆ ಬೇಕಾ? ಬೇಡ. ದೊಡ್ಡ ಜಾಡಿಯಲ್ಲಿ 5 ಮತ್ತು 10ಕ್ಕೆ ಒಂದೊಂದು, 15ರಿಂದ ಮೇಲೆ ಪ್ರತಿ ಲೀಟರಿಗೆ ಒಂದು ಇದ್ದರೆ ಸಾಕು. ನೀವು ಸಾಮಾನ್ಯವಾಗಿ ತುಂಬುವ ಮಟ್ಟದ ಹತ್ತಿರ ಅರ್ಧ ಲೀಟರಿಗೂ ಹಾಕಿಕೊಳ್ಳಿ. 4.5 ಲೀಟರಿನ ಸಣ್ಣ ಜಾಡಿಗಾದರೆ ಎಲ್ಲಕ್ಕೂ ಅರ್ಧರ್ಧ ಲೀಟರೇ ಸರಿ. ಗ್ಯಾಲನ್ ಲೆಕ್ಕದ ಪಾಕವಿಧಾನ ನೋಡುವವರು ಒಂದು ಎಚ್ಚರ ಇಟ್ಟುಕೊಳ್ಳಿ. ಅಮೆರಿಕದ ಗ್ಯಾಲನ್ 3.785 ಲೀಟರ್, ಬ್ರಿಟನ್ನಿನದು 4.546 ಲೀಟರ್. ಐದು ಗ್ಯಾಲನ್ ಅನ್ನುವಾಗ ಸುಮಾರು 3.8 ಲೀಟರ್ ವ್ಯತ್ಯಾಸ ಬರುತ್ತದೆ.

ಎರಡು ಗೆರೆ ಹಾಕಿ, ಉಳಿದದ್ದನ್ನು ಸ್ಕೇಲ್ ಇಟ್ಟು ಸಮಭಾಗ ಮಾಡುವ ಅಡ್ಡದಾರಿ ಬೇಡ. ಜಾಡಿಯ ನಡುವಿನ ನೇರ ಭಾಗದಲ್ಲಿ ಅದು ನಡೆಯಬಹುದು. ಬುಡದಲ್ಲಿ ಗಾಜು ಒಳಕ್ಕೆ ಉಬ್ಬಿರುತ್ತದೆ, ಅಲ್ಲಿ ಲೆಕ್ಕ ತಪ್ಪುತ್ತದೆ. ಭುಜದಲ್ಲಿ ಜಾಡಿ ಕಿರಿದಾಗುತ್ತಾ ಹೋಗುತ್ತದೆ, ಗೆರೆಗಳು ದೂರ ದೂರ ಆಗುತ್ತವೆ. ಹಾಗೆಯೇ ಒಂದು ಜಾಡಿಯ ಟೇಪನ್ನು ನೋಡಿ ಇನ್ನೊಂದಕ್ಕೆ ಗೆರೆ ಎಳೆಯಬೇಡಿ. ನೋಡೋಕೆ ಒಂದೇ ಥರ ಇದ್ದರೂ ಗಾಜಿನ ದಪ್ಪ ಒಂದೇ ಇರುತ್ತದೆ ಅನ್ನುವ ಹಾಗಿಲ್ಲ. ಪ್ರತಿ ಜಾಡಿಗೂ ಬೇರೆಯಾಗಿ ನೀರು ತೂಗಬೇಕು.

ತುಂಬಿದ ಮೇಲೆ ಒಂದು ಪರೀಕ್ಷೆ. ಜಾಡಿಯನ್ನು ಎತ್ತಬೇಡಿ. ಸೈಫನ್ ಪೈಪಿನಿಂದ 5 ಕಿಲೋ ನೀರನ್ನು ಬಕೆಟ್ಟಿಗೆ ತೆಗೆದು ತೂಗಿ. 23ರಲ್ಲಿದ್ದ ನೀರು ಸರಿಯಾಗಿ 18ಕ್ಕೆ ಬಂದು ನಿಂತರೆ ನಿಮ್ಮ ಗೆರೆಗಳನ್ನು ನಂಬಬಹುದು.

ಅಳಿಸದ ಹಾಗೆ ಮಾಡುವುದು

ಟೇಪ್ ಮೇಲಿನ ಗೆರೆ ಕರಡು ಇದ್ದ ಹಾಗೆ. ಕೆಲವು ಸಲ ಒದ್ದೆಯಾದರೆ ಏಳುತ್ತದೆ. ಟೇಪಿನ ಪಕ್ಕದಲ್ಲೇ ಗಾಜಿನ ಮೇಲೆ ಆಯಿಲ್ ಪೇಂಟ್ ಮಾರ್ಕರ್‌ನಿಂದ ಗೆರೆ ಮತ್ತು ಅಂಕಿ ಬರೆದು, ಒಂದು ದಿನ ಒಣಗಲು ಬಿಟ್ಟು, ಆಮೇಲೆ ಟೇಪ್ ತೆಗೆಯಿರಿ. ಬರೆಯುವ ಮುಂಚೆ ಆ ಜಾಗವನ್ನು ಸ್ಪಿರಿಟ್ ಹಾಕಿ ಒರೆಸಿದರೆ ಪೇಂಟ್ ಗಟ್ಟಿಯಾಗಿ ಕೂರುತ್ತದೆ. ಸಾಮಾನ್ಯ ಪರ್ಮನೆಂಟ್ ಮಾರ್ಕರ್ ಸ್ಪಿರಿಟ್ ತಾಗಿದರೆ ಹೋಗುತ್ತದೆ. ಹುದುಗಿಸುವವರ ಮನೆಯಲ್ಲಿ ಸ್ಪಿರಿಟ್ ಸದಾ ಕೈಯಲ್ಲೇ ಇರುತ್ತದೆ. ಏನೇ ಬರೆದರೂ ಹೊರಗಡೆ ಮಾತ್ರ.

ಗಾಜನ್ನೇ ಮಂಕು ಮಾಡುವ ಎಚಿಂಗ್ ಕ್ರೀಮ್ ಬಳಸುವವರೂ ಇದ್ದಾರೆ. ಗುರುತು ಶಾಶ್ವತವಾಗಿ ಉಳಿಯುತ್ತದೆ, ನಿಜ. ಆದರೆ ಈ ಕ್ರೀಮ್‌ಗಳಲ್ಲಿ ಸಾಮಾನ್ಯವಾಗಿ ಫ್ಲೋರೈಡ್ ಲವಣ ಇರುತ್ತದೆ. ಚರ್ಮಕ್ಕೆ ತಗುಲಿದರೆ ಒಳಗೆ ಇಳಿದು ಸುಡುತ್ತದೆ. ಗ್ಲೌಸ್, ಕನ್ನಡಕ, ಗಾಳಿಯಾಡುವ ಜಾಗ ಇಲ್ಲದೆ ಮುಟ್ಟಬಾರದು. ನನ್ನ ಮಟ್ಟಿಗೆ ಪೇಂಟ್ ಸಾಕು, ಅಳಿಸಿದರೆ ಇನ್ನೊಮ್ಮೆ ಬರೆಯಬಹುದು.

ವಜ್ರದ ಮೊನೆಯಿಂದ ಗೀರುವ ಸಲಹೆ ಯಾರಾದರೂ ಕೊಟ್ಟರೆ ಖಂಡಿತ ಕೇಳಬೇಡಿ. ಗಾಜು ಕತ್ತರಿಸುವವರು ಮಾಡುವುದೂ ಅದನ್ನೇ: ಮೊದಲು ಒಂದು ಗೀರು, ಆಮೇಲೆ ಅದೇ ಗೀರಿನಲ್ಲಿ ಮುರಿಯುವುದು. ಇಪ್ಪತ್ತಕ್ಕೂ ಹೆಚ್ಚು ಕಿಲೋ ಹೊರುವ ಗಾಜಿಗೆ ಸುತ್ತಲೂ ಗೀರು ಹಾಕಿದರೆ ಒಡೆಯುವ ದಾರಿಯನ್ನು ನಾವೇ ಬರೆದುಕೊಟ್ಟಂತೆ.

ಗೆರೆಯನ್ನು ಓದುವಾಗ

ಯೀಸ್ಟ್ ಹಾಕುವ ಮುಂಚೆಯೇ ಮಟ್ಟ ನೋಡಿ ಬರೆದಿಡಿ. ನೊರೆ ಎದ್ದ ಮೇಲೆ ಏನೂ ಕಾಣುವುದಿಲ್ಲ. ಆ ನೊರೆಗೆ ಜಾಗವೂ ಬೇಕು, ಮೊದಲ ಹಂತದಲ್ಲಿ ಜಾಡಿಯ ಐದರಲ್ಲೊಂದು ಭಾಗ ಖಾಲಿ ಇರಲಿ.

ಕುದಿಸುವ ಪಾತ್ರೆಯಲ್ಲೂ ಗುರುತು ಇರುವವರಿಗೆ ಒಂದು ಗೊಂದಲ ಆಗುತ್ತದೆ. ಅಲ್ಲಿ 20 ಲೀಟರ್ ಇತ್ತು, ಜಾಡಿಗೆ ಬಂದಾಗ ಕಡಿಮೆ ಕಾಣುತ್ತಿದೆ, ಎಲ್ಲಿ ಹೋಯಿತು? ಎಲ್ಲಿಗೂ ಹೋಗಿಲ್ಲ. ಕುದಿಯುವ ನೀರು 20 ಡಿಗ್ರಿಗೆ ತಣಿದಾಗ ಸುಮಾರು ನೂರಕ್ಕೆ 4ರಷ್ಟು ಕುಗ್ಗುತ್ತದೆ. 20 ಲೀಟರ್ 19.2ರ ಹತ್ತಿರಕ್ಕೆ ಇಳಿಯುತ್ತದೆ. ಪಾಕವಿಧಾನದಲ್ಲಿ ಬರೆದಿರುವುದು ಬಿಸಿ ಅಳತೆಯೋ ತಣ್ಣನೆಯದೋ ಅಂತ ನೋಡಿಕೊಳ್ಳಿ.

ಹುದುಗು ಮುಗಿದ ಮೇಲೆ ಗಷ್ಟು ಎಲ್ಲಿಯವರೆಗೆ ಕೂತಿದೆ ಅನ್ನುವುದನ್ನೂ ಅದೇ ಗೆರೆಯಲ್ಲಿ ಓದಿ. ಮೇಲಿನ ಮಟ್ಟ 22, ಗಷ್ಟು 2ರವರೆಗೆ ಇದ್ದರೆ ಬಾಟಲಿಗೆ ಸಿಗುವುದು 20. ಸಕ್ಕರೆ ಲೆಕ್ಕ ಹಾಕಬೇಕಾದ್ದು ಇದಕ್ಕೆ. ಬುಡದ ಹತ್ತಿರ 1, 2, 3ಕ್ಕೂ ಗೆರೆ ಹಾಕಿದ್ದರೆ ಈಗ ಅನುಕೂಲ.

ಇನ್ನು ಖಾಲಿ ಜಾಡಿಯ ತೂಕ. ಅದನ್ನು ಗೆರೆಗಳ ಪಕ್ಕದಲ್ಲೇ ಬರೆದಿಡಿ. 30 ಕಿಲೋ ತಾಳುವ ತಕ್ಕಡಿ ಇದ್ದರೆ ಗೆರೆಯೇ ಕಾಣದಿದ್ದರೂ ಎಷ್ಟು ಲೀಟರ್ ಇದೆ ಅಂತ ಹೇಳಬಹುದು. ಜಾಡಿಯನ್ನು ಖಾಲಿ ಇರುವಾಗಲೇ ತಕ್ಕಡಿ ಮೇಲಿಟ್ಟು ವರ್ಟ್ ತುಂಬಿ, ತುಂಬಿದ ಮೇಲೆ ಎತ್ತುವ ಕೆಲಸ ಬರುವುದಿಲ್ಲ. ಒಟ್ಟು 26.4 ಕಿಲೋ ಬಂತು, ಖಾಲಿ ಜಾಡಿ 5.4 ಅಂದುಕೊಳ್ಳಿ. ಒಳಗಿರುವುದು 21 ಕಿಲೋ. ವರ್ಟ್ ನೀರಿಗಿಂತ ಭಾರ, ಅದಕ್ಕೆ ಹೈಡ್ರೋಮೀಟರ್ ತೋರಿಸಿದ ಅಂಕಿಯಿಂದ ಭಾಗಿಸಬೇಕು. 1.050 ಇದ್ದರೆ 21 ಭಾಗಿಸು 1.050, ಅಂದರೆ 20 ಲೀಟರ್.