ಮ್ಯೂನಿಕ್‌ನಲ್ಲಿ ನೆಲೆ ನಿಲ್ಲುವುದು: ಅಂಚೆಪೆಟ್ಟಿಗೆಯಿಂದ ಶುರು

ಜರ್ಮನಿಯ ವಸತಿ ಕಟ್ಟಡಗಳಲ್ಲಿ ಫ್ಲ್ಯಾಟ್‌ಗೆ ನಂಬರ್ ಹಾಕುವ ರೂಢಿ ಸಾಮಾನ್ಯವಾಗಿ ಇಲ್ಲ. ರಸ್ತೆ, ಕಟ್ಟಡದ ಸಂಖ್ಯೆ, ಐದಂಕಿಯ ಪಿನ್‌ಕೋಡ್, ಊರು: ವಿಳಾಸ ಅಲ್ಲಿಗೆ ಮುಗಿಯಿತು. ಇಪ್ಪತ್ತು ಮನೆಗಳಿರುವ ಕಟ್ಟಡದಲ್ಲೂ ಕಾಗದ ಸೇರುವುದು ಅಂಚೆಪೆಟ್ಟಿಗೆಯ ಮೇಲಿನ ಹೆಸರು ನೋಡಿ. ಹೆಸರು ಇಲ್ಲದಿದ್ದರೆ ಅದು ಕಳಿಸಿದವರಿಗೇ ವಾಪಸ್. ತೆರಿಗೆ ಸಂಖ್ಯೆ, ಬ್ಯಾಂಕ್ ಕಾರ್ಡು, ಅದರ ಪಿನ್, ಆರೋಗ್ಯ ವಿಮೆಯ ಕಾರ್ಡು ಎಲ್ಲವೂ ಬರುವುದು ಅಂಚೆಯಲ್ಲೇ. ಹಾಗಾಗಿ ಕೀಲಿ ಕೈಗೆ ಬಂದ ದಿನವೇ ಮಾಡುವ ಮೊದಲ ಕೆಲಸ ಪೆಟ್ಟಿಗೆಗೂ ಕಾಲಿಂಗ್ ಬೆಲ್ಲಿಗೂ ಹೆಸರು ಅಂಟಿಸುವುದು. ಕಟ್ಟಡದ ನಿರ್ವಹಣೆಯವರು ಒಂದೇ ಮಾದರಿಯ ಫಲಕ ಹಾಕಿಸುವುದಾದರೆ ಅದು ಬರುವವರೆಗೆ ಕಾಗದದ ಚೀಟಿ ಸಾಕು. ಬೇರೆಯವರ ಮನೆಯಲ್ಲಿ ಒಳಬಾಡಿಗೆಗೆ ಇದ್ದರೆ ವಿಳಾಸದಲ್ಲಿ ‘ಕೇರ್ ಆಫ್’ ಎಂದು ಅವರ ಹೆಸರು ಸೇರಿಸಬೇಕು.

ಯಾವ ಹೆಸರು ಎಂಬುದೇ ನಮ್ಮವರಿಗೆ ದೊಡ್ಡ ತೊಡಕು. ‘ಮಂಜುನಾಥ ಎಚ್. ಆರ್.’ ಅಂದರೆ ನಮಗೆ ಸರಿ, ಜರ್ಮನ್ ಅರ್ಜಿಯಲ್ಲಿ ಎರಡು ಖಾನೆ: ಫೋರ್‌ನಾಮೆ ಅಂದರೆ ಮೊದಲ ಹೆಸರು, ನಾಖ್‌ನಾಮೆ ಅಂದರೆ ಮನೆತನದ ಹೆಸರು. ಇನಿಷಿಯಲ್ ಎಂಬ ಖಾನೆಯೇ ಇಲ್ಲ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇದ್ದರೆ ಬ್ಯಾಂಕಿನವರು ಒಂದು ಥರ, ವಿಮೆಯವರು ಇನ್ನೊಂದು ಥರ, ಕಂಪನಿಯ ಎಚ್‌ಆರ್ ಮತ್ತೊಂದು ಥರ ತುಂಬಿಕೊಳ್ಳುತ್ತಾರೆ. ಆಮೇಲೆ ಮೂವರೂ ಒಬ್ಬನೇ ಮನುಷ್ಯ ಎಂದು ಸಾಬೀತು ಮಾಡುವ ಕೆಲಸ ನಿಮ್ಮದು. ಇದನ್ನು ಊರಲ್ಲೇ ಸರಿ ಮಾಡಿಕೊಳ್ಳಿ. ವೀಸಾಕ್ಕೆ ಅರ್ಜಿ ಹಾಕುವ ಮೊದಲೇ ಇನಿಷಿಯಲ್ ಅನ್ನು ಪೂರ್ತಿ ಹೆಸರಾಗಿ ಬರೆಸಿ, ಎರಡೂ ಖಾನೆ ತುಂಬಿರುವ ಪಾಸ್‌ಪೋರ್ಟ್ ಮಾಡಿಸಿ. ವೀಸಾ ಆದಮೇಲೆ ಪಾಸ್‌ಪೋರ್ಟ್ ಬದಲಾದರೆ ಎರಡು ಪುಸ್ತಕ ಹಿಡಿದು ಓಡಾಡಬೇಕಾಗುತ್ತದೆ.

ಇನ್ನು ಕೆಲಸಗಳ ಸರಪಳಿ. ಮನೆ ಇದ್ದರೆ ನೋಂದಣಿ, ನೋಂದಣಿಯಾದರೆ ತೆರಿಗೆ ಸಂಖ್ಯೆ, ಅದಿದ್ದರೆ ಸರಿಯಾದ ಸಂಬಳ. ಯಾವ ಕೊಂಡಿಯನ್ನೂ ದಾಟಿ ಮುಂದೆ ಹೋಗಲಾಗದು. ನೋಂದಣಿಗೆ ಇಲ್ಲಿ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಮನೆ ಸೇರಿದ ಎರಡು ವಾರದೊಳಗೆ ಮಾಡಿಸಬೇಕೆಂದು ಕಾನೂನು. ಮ್ಯೂನಿಕ್‌ನಲ್ಲಿ ಇದು ನಗರದ ಬ್ಯುರ್ಗರ್‌ಬ್ಯೂರೊ ಕಚೇರಿಗಳ ಕೆಲಸ, ರೂಪರ್ಟ್ ಸ್ಟ್ರಾಸೆಯಲ್ಲಿರುವುದು ದೊಡ್ಡದು. ಅಪಾಯಿಂಟ್‌ಮೆಂಟ್ ಎರಡು ವಾರದೊಳಗೆ ಸಿಗದೆ ಹೋಗಬಹುದು. ಸಿಕ್ಕ ದಿನಾಂಕವನ್ನು ಹಿಡಿದು, ಬುಕ್ ಮಾಡಿದ ಇಮೇಲ್ ಇಟ್ಟುಕೊಳ್ಳಿ. ಪಾಸ್‌ಪೋರ್ಟಿನ ಜೊತೆ ಬೇಕೇ ಬೇಕಾದ್ದು ಮನೆ ಕೊಟ್ಟವರ ಸಹಿ ಇರುವ ದೃಢೀಕರಣ ಪತ್ರ. ಬಾಡಿಗೆ ಕರಾರು ಇದರ ಬದಲಿಗೆ ನಡೆಯುವುದಿಲ್ಲ. ಮೊದಲ ತಿಂಗಳಿಗೆ ತಾತ್ಕಾಲಿಕ ವಸತಿ ಹುಡುಕುವಾಗ ಸ್ವಲ್ಪ ಅಗ್ಗ ಎಂದು ಎಲ್ಲೋ ಉಳಿಯುವುದಕ್ಕಿಂತ ‘ಈ ಪತ್ರ ಕೊಡುತ್ತೀರಾ?’ ಎಂದು ಮೊದಲೇ ಕೇಳಿ, ಲಿಖಿತ ಉತ್ತರ ಪಡೆದವರೇ ಜಾಣರು. ರಜೆಗೆ ಬರುವವರಿಗೆಂದು ಇರುವ ಮನೆಗಳವರು ಸಾಮಾನ್ಯವಾಗಿ ಕೊಡುವುದಿಲ್ಲ.

ನೋಂದಣಿ ಅರ್ಜಿಯಲ್ಲಿ ಧರ್ಮದ ಖಾನೆಯನ್ನು ಓದದೆ ತುಂಬಬೇಡಿ. ಅದು ಚರ್ಚ್ ತೆರಿಗೆಗೆ ಸಂಬಂಧಿಸಿದ್ದು. ಹಿಂದೂ, ಮುಸ್ಲಿಂ, ಜೈನರಿಗೆ ಏನೂ ಬರುವುದಿಲ್ಲ. ಆದರೆ ಮಂಗಳೂರು ಕಡೆಯ ಕ್ಯಾಥೊಲಿಕರು ‘ರೋಮನ್ ಕ್ಯಾಥೊಲಿಕ್’ ಎಂದು ಬರೆದರೆ ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಆದಾಯ ತೆರಿಗೆಯ ಮೇಲೆ ಅದರ ಶೇ. 8ರಷ್ಟು ಸಂಬಳದಿಂದಲೇ ಕಡಿತವಾಗುತ್ತದೆ. ಚರ್ಚಿನ ಸದಸ್ಯರಾಗಿರುವವರೆಗೆ ಇದು ಐಚ್ಛಿಕವಲ್ಲ, ಗೊತ್ತಿದ್ದು ತುಂಬಬೇಕು ಅಷ್ಟೇ.

ನೋಂದಣಿಯಾದ ಕೆಲವು ವಾರಗಳಲ್ಲಿ 11 ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಅದು ಬರುವ ಮೊದಲೇ ಸಂಬಳದ ದಿನ ಬಂದರೆ ಕಂಪನಿ ಆರನೇ ತೆರಿಗೆ ವರ್ಗದಲ್ಲಿ ಹಿಡಿಯಬಹುದು. ಅತಿ ಹೆಚ್ಚು ಕಡಿತ ಇರುವ ವರ್ಗ ಇದೇ. ಚೀಟಿ ನೋಡಿ ಗಾಬರಿಯಾಗುವುದು ಬೇಡ, ಸಂಖ್ಯೆ ಕೊಟ್ಟಮೇಲೆ ಲೆಕ್ಕ ಸರಿಹೋಗುತ್ತದೆ. ಆದರೆ ಮೊದಲ ತಿಂಗಳ ಕೈಖರ್ಚನ್ನು ಪೂರ್ತಿ ಸಂಬಳ ನಂಬಿ ಹಾಕಿಕೊಳ್ಳಬೇಡಿ.

ವಿಮೆಯ ವಿಷಯದಲ್ಲಿ ನನ್ನ ಅಭಿಪ್ರಾಯ ನೇರ: ಸಂಸಾರ ಕರೆಸಿಕೊಳ್ಳುವ ಯೋಚನೆ ಇದ್ದರೆ ಸರ್ಕಾರಿ ವ್ಯವಸ್ಥೆಯ ವಿಮೆ. ಸಂಬಳದ ಶೇ. 14.6 ಮತ್ತು ಅದರ ಮೇಲೆ ಆಯಾ ಸಂಸ್ಥೆಯ ಹೆಚ್ಚುವರಿ ದರ. ಎರಡರಲ್ಲೂ ಅರ್ಧ ಕಂಪನಿಯದು. ಆದಾಯವಿಲ್ಲದ ಹೆಂಡತಿ ಅಥವಾ ಗಂಡ, ಮಕ್ಕಳು ಅದೇ ಕಂತಿನಲ್ಲಿ ಸೇರುತ್ತಾರೆ. ಖಾಸಗಿ ವಿಮೆ ಮೂವತ್ತರ ವಯಸ್ಸಿನ ಒಂಟಿಗನಿಗೆ ಅಗ್ಗವಾಗಿ ಕಾಣುತ್ತದೆ. ಅಲ್ಲಿ ತಲೆಗೊಂದು ಕಂತು, ವಯಸ್ಸಾದಂತೆ ಏರುತ್ತದೆ, 55 ದಾಟಿದ ಮೇಲೆ ಸರ್ಕಾರಿ ವಿಮೆಗೆ ಹಿಂದಿರುಗುವ ಬಾಗಿಲು ಹೆಚ್ಚುಕಡಿಮೆ ಮುಚ್ಚಿದಂತೆ.

ಮನೆ ಹುಡುಕಾಟವೇ ಇಲ್ಲಿ ನಿಜವಾದ ಪರೀಕ್ಷೆ. ಇಡೀ ಜರ್ಮನಿಯಲ್ಲೇ ಬಾಡಿಗೆ ದುಬಾರಿ ಇರುವ ಊರು ಮ್ಯೂನಿಕ್. ಮಾಲೀಕರು ಶೂಫಾ ಎಂಬ ಸಾಲದ ಇತಿಹಾಸದ ಪತ್ರ, ಹಿಂದಿನ ಮೂರು ತಿಂಗಳ ಸಂಬಳ ಚೀಟಿ ಕೇಳುತ್ತಾರೆ. ಹೊಸಬರ ಹತ್ತಿರ ಎರಡೂ ಇರುವುದಿಲ್ಲ. ಅದರ ಬದಲು ನಾನು ಒಂದೇ ಪಿಡಿಎಫ್ ಕಟ್ಟಿಟ್ಟುಕೊಂಡೆ: ಅರ್ಧ ಪುಟದ ಪರಿಚಯ ಜರ್ಮನ್‌ನಲ್ಲಿ, ಕೆಲಸದ ಕರಾರು, ಕೆಲಸ ಕಾಯಂ ಎಂದು ಹೇಳುವ ಕಂಪನಿಯ ಪತ್ರ, ಪಾಸ್‌ಪೋರ್ಟ್–ವೀಸಾ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್. ಜಾಹೀರಾತು ಬಂದ ಮೊದಲ ಗಂಟೆಯಲ್ಲೇ ಬರೆದರೆ ಮಾತ್ರ ಕರೆ ಬರುವ ಸಾಧ್ಯತೆ. ಮನೆ ತೋರಿಸುವ ಮೊದಲೇ ಹಣ ಕೇಳಿ, ‘ವಿದೇಶದಲ್ಲಿದ್ದೇನೆ, ಕೀಲಿ ಕೊರಿಯರ್ ಮಾಡುತ್ತೇನೆ’ ಎನ್ನುವವನು ಕಳ್ಳ, ಇದರಲ್ಲಿ ಅನುಮಾನವೇ ಬೇಡ. ಬ್ರೋಕರ್ ಕಮಿಷನ್ ಯಾರು ನೇಮಿಸಿದರೋ ಅವರೇ ಕೊಡಬೇಕೆಂದು 2015ರಿಂದ ನಿಯಮವಿದೆ.

ಜಾಹೀರಾತಿನಲ್ಲಿ ಎರಡು ಬಾಡಿಗೆ ಕಾಣುತ್ತದೆ. ಕಾಲ್ಟ್‌ಮೀಟೆ ಬರೀ ಮನೆಯದು; ವಾರ್ಮ್‌ಮೀಟೆಯಲ್ಲಿ ಸಾಮಾನ್ಯವಾಗಿ ಹೀಟಿಂಗ್, ನೀರು, ಕಸ, ಮೆಟ್ಟಿಲು ಗುಡಿಸುವುದು ಸೇರಿರುತ್ತದೆ, ಕರೆಂಟು ಮತ್ತು ಇಂಟರ್ನೆಟ್ ಸೇರಿರುವುದಿಲ್ಲ. ಹೀಟಿಂಗಿಗೆ ತಿಂಗಳು ತಿಂಗಳು ಕಟ್ಟುವುದು ಮುಂಗಡ ಮಾತ್ರ. ವರ್ಷದ ಲೆಕ್ಕ ಆಮೇಲೆ ಬರುತ್ತದೆ, ಹೆಚ್ಚು ಬಳಸಿದ್ದರೆ ನೂರಾರು ಯೂರೋ ಸೇರಿಸಿ ಕೊಡಬೇಕಾದೀತು. ಅಡ್ವಾನ್ಸ್ ಮೂರು ಕಾಲ್ಟ್‌ಮೀಟೆ ಮೀರುವಂತಿಲ್ಲ, ಮೂರು ಕಂತಿನಲ್ಲಿ ಕೊಡುವ ಹಕ್ಕು ಬಾಡಿಗೆದಾರನಿಗಿದೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇದು ಸಮಾಧಾನದ ಸಂಗತಿ. ಕರಾರಿನಲ್ಲಿ ಇಷ್ಟು ಕಾಲ ಮನೆ ಬಿಡುವಂತಿಲ್ಲ ಎಂಬ ಷರತ್ತು ಇದೆಯೇ ನೋಡಿ. ಅದು ಇಲ್ಲದಿದ್ದರೆ ಮೂರು ತಿಂಗಳ ನೋಟಿಸ್ ಸಾಕು.

‘ಇಬಿಕೆ’ (ಜೋಡಿಸಿಟ್ಟ ಅಡುಗೆಮನೆ ಇದೆ) ಎಂಬ ಮೂರಕ್ಷರ ಜಾಹೀರಾತಿನಲ್ಲಿ ಇಲ್ಲದಿದ್ದರೆ ಅಡುಗೆಮನೆ ಎಂದರೆ ನಾಲ್ಕು ಗೋಡೆ, ಒಂದು ನಲ್ಲಿಯ ಪೈಪು. ಒಲೆ, ಸಿಂಕು, ಕಪಾಟು ಏನೂ ಇರುವುದಿಲ್ಲ, ಸೂರಿನಿಂದ ಬಲ್ಬಿಲ್ಲದ ವೈರು ನೇತಾಡುತ್ತದೆ. ಹಿಂದಿನ ಬಾಡಿಗೆದಾರ ತನ್ನ ಅಡುಗೆಮನೆ ಮಾರಲು ಬಯಸಿದರೆ ಚೌಕಾಸಿ ಮಾಡಿ ಕೊಳ್ಳುವುದು ಹೊಸದಾಗಿ ಕೂರಿಸುವುದಕ್ಕಿಂತ ಮೇಲು. ಚಿಮಣಿ ಹೊಗೆಯನ್ನು ಹೊರಗೆ ಬಿಡುತ್ತದೋ, ಇದ್ದಿಲ ಫಿಲ್ಟರ್‌ನಲ್ಲಿ ಸೋಸಿ ಮನೆಯೊಳಕ್ಕೇ ಬಿಡುತ್ತದೋ ಕೇಳಿ. ಎರಡನೆಯದಾದರೆ ಒಗ್ಗರಣೆಯ ಘಾಟು ಕೋಟುಗಳಿಗೆ ಹತ್ತುತ್ತದೆ. ಕೋಟು ಇಟ್ಟ ಕೋಣೆಯ ಬಾಗಿಲು ಮುಚ್ಚಿ ಅಡುಗೆ ಮಾಡಬೇಕು.

ಬೂಸ್ಟು ಇಲ್ಲಿಯ ದೊಡ್ಡ ಜಗಳದ ಮೂಲ. ಕಿಟಕಿಗಳು ಗಾಳಿಯಾಡದಷ್ಟು ಬಿಗಿ. ಕುಕ್ಕರಿನ ಆವಿ, ಸ್ನಾನದ ಆವಿ, ಒಳಗೇ ಒಣಗಿಸಿದ ಬಟ್ಟೆಯ ತೇವ ಚಳಿಗಾಲದಲ್ಲಿ ತಣ್ಣನೆಯ ಹೊರಗೋಡೆಯ ಮೂಲೆಯಲ್ಲಿ ನೀರಾಗಿ ಕೂರುತ್ತದೆ, ಕೆಲವೇ ವಾರಗಳಲ್ಲಿ ಕಪ್ಪು ಬೂಸ್ಟು. ಮನೆ ಬಿಡುವಾಗ ಅಡ್ವಾನ್ಸ್‌ನಿಂದ ಮುರಿದುಕೊಳ್ಳುತ್ತಾರೆ. ಕಿಟಕಿಯನ್ನು ದಿನವಿಡೀ ಸ್ವಲ್ಪ ಓರೆ ಮಾಡಿಡುವುದು ತಪ್ಪು ಕ್ರಮ, ಗೋಡೆ ಇನ್ನಷ್ಟು ತಣ್ಣಗಾಗುತ್ತದೆ. ಹೀಟರ್ ಆರಿಸಿ, ಎದುರುಬದುರಿನ ಕಿಟಕಿಗಳನ್ನು ಪೂರ್ತಿ ತೆರೆದು ಐದರಿಂದ ಹತ್ತು ನಿಮಿಷ, ದಿನಕ್ಕೆ ಎರಡು ಮೂರು ಸಲ. ಅಡುಗೆಯಾದ ಕೂಡಲೇ ಒಂದು ಸಲ. ಕಪಾಟನ್ನು ಹೊರಗೋಡೆಗೆ ಒತ್ತಿ ಇಡದೆ ಒಂದು ಅಂಗೈ ಅಗಲ ಬಿಡಬೇಕು.

ಕರೆಂಟು ಇಲ್ಲೂ 230 ವೋಲ್ಟ್, 50 ಹರ್ಟ್ಸ್. ನಮ್ಮ ಮಿಕ್ಸಿ ಹಾಗೇ ಓಡುತ್ತದೆ. ಅರ್ತಿಂಗ್ ಇರುವ ಅಡಾಪ್ಟರ್ ಮಾತ್ರ ಬಳಸಿ, ಅರ್ತಿಂಗ್ ಇಲ್ಲದ ಅಗ್ಗದ್ದು ಬೇಡ. ಇಂಡಕ್ಷನ್ ಒಲೆಯಾದರೆ ಅಲ್ಯೂಮಿನಿಯಂ ಕುಕ್ಕರ್ ಬಿಸಿಯಾಗುವುದಿಲ್ಲ, ತಳಕ್ಕೆ ಆಯಸ್ಕಾಂತ ಹಿಡಿಯುವ ಸ್ಟೀಲಿನದು ತನ್ನಿ. ಚಳಿಗಾಲದಲ್ಲಿ ಇಡ್ಲಿ ಹಿಟ್ಟನ್ನು ಓವನ್ನಿನೊಳಗೆ ದೀಪ ಮಾತ್ರ ಹಚ್ಚಿ ಇಟ್ಟರೆ ಹುದುಗುತ್ತದೆ. ರಾತ್ರಿ ಹತ್ತರ ಮೇಲೆ ಮತ್ತು ಭಾನುವಾರ ಮಿಕ್ಸಿ, ಡ್ರಿಲ್ಲು ಬೇಡ. ಭಾನುವಾರ ಅಂಗಡಿಯೂ ಮುಚ್ಚಿರುವುದರಿಂದ ಶನಿವಾರವೇ ಸಾಮಾನು ತಂದು ರುಬ್ಬಿಡುವುದು.

ನೋಂದಣಿಯಾದ ಮೇಲೆ ರೇಡಿಯೊ-ಟಿವಿ ಶುಲ್ಕದ ಕಾಗದವೂ ಬರುತ್ತದೆ, ತಿಂಗಳಿಗೆ 18.36 ಯೂರೋ. ಟಿವಿ ಇಲ್ಲದಿದ್ದರೂ ಕಟ್ಟಬೇಕು. ಇದು ಮೋಸದ ಪತ್ರವಲ್ಲ. ಮನೆಗೊಂದೇ ಶುಲ್ಕ, ಜೊತೆಗಾರ ಈಗಾಗಲೇ ಕಟ್ಟುತ್ತಿದ್ದರೆ ಅವರ ಶುಲ್ಕ ಖಾತೆಯ ಸಂಖ್ಯೆ ಬರೆದು ಕಳಿಸಿದರಾಯಿತು.

ಭಾರತದ ಡ್ರೈವಿಂಗ್ ಲೈಸೆನ್ಸ್ ನೆಲೆಸಿದ ಆರು ತಿಂಗಳಷ್ಟೇ ನಡೆಯುತ್ತದೆ, ಆಮೇಲೆ ಲಿಖಿತ ಮತ್ತು ರಸ್ತೆ ಪರೀಕ್ಷೆ ಎರಡನ್ನೂ ಪಾಸು ಮಾಡಬೇಕು. ಲಿಖಿತ ಪರೀಕ್ಷೆ ಇಂಗ್ಲಿಷಿನಲ್ಲಿ ಸಿಗುತ್ತದೆ. ಮಕ್ಕಳಿದ್ದರೆ ಲಸಿಕೆ ಕಾರ್ಡ್ ಕೈಚೀಲದಲ್ಲೇ ಇರಲಿ: ದಡಾರ ಲಸಿಕೆಯ ಪುರಾವೆ ಇಲ್ಲದೆ ಶಿಶುವಿಹಾರದಲ್ಲಿ ಸೇರಿಸಿಕೊಳ್ಳುವುದಿಲ್ಲ. ಜನನ ಪ್ರಮಾಣಪತ್ರ, ಮದುವೆ ಪ್ರಮಾಣಪತ್ರ ಬರೀ ಕನ್ನಡದಲ್ಲಿದ್ದರೆ ಇಂಗ್ಲಿಷ್ ಇರುವ ಪ್ರತಿಯನ್ನು ಹೊರಡುವ ಮೊದಲೇ ಪಡೆಯಿರಿ. ಕನ್ನಡದಿಂದ ನೇರ ಜರ್ಮನ್‌ಗೆ ಪ್ರಮಾಣಿತ ಅನುವಾದಕರನ್ನು ಹುಡುಕುವುದು ಕಷ್ಟ.

ಊರಿನ ಕಡೆಯ ಎರಡು ಕೆಲಸ ವಿಮಾನ ಹತ್ತುವ ಮುಂಚೆ ಮುಗಿಸಿ. ಉಳಿತಾಯ ಖಾತೆಯನ್ನು ಹೊರದೇಶದಲ್ಲಿ ನೆಲೆಸಿದವರ ಎನ್‌ಆರ್‌ಒ ಖಾತೆಗೆ ಬದಲಾಯಿಸಲು ಬ್ಯಾಂಕಿಗೆ ತಿಳಿಸುವುದು ಒಂದು. ಆಧಾರ್‌ಗೆ, ಬ್ಯಾಂಕಿಗೆ ಜೋಡಿಸಿದ ಸಿಮ್‌ನಲ್ಲಿ ಅಂತರರಾಷ್ಟ್ರೀಯ ರೋಮಿಂಗ್ ಹಾಕಿಸಿ, ಹೊರಗಿದ್ದಾಗ ಒಟಿಪಿ ಎಸ್‌ಎಂಎಸ್ ಬರುವಂತೆ ಮಾಡಿಕೊಳ್ಳುವುದು ಇನ್ನೊಂದು. ಸಿಮ್ ಬಳಸದೆ, ರೀಚಾರ್ಜ್ ಮಾಡದೆ ತಿಂಗಳುಗಟ್ಟಲೆ ಬಿಟ್ಟರೆ ನಂಬರ್ ಬೇರೆಯವರ ಪಾಲಾಗಬಹುದು, ಆಮೇಲೆ ಅದು ವಾಪಸ್ ಸಿಗುವುದು ಕಷ್ಟ.